ರೂಮ್‌ಮೇಟ್ ಯಾವ ಜನ ಎಂದು ಕೇಳುವ ತಂದೆ-ತಾಯಿಯರಿಗೆ



ಎಂ.ಎ., ಎಂ.ಎಸ್ಸಿ.ಗೆ ಸೇರಿದ ಮಕ್ಕಳ ಜೊತೆ ಹಾಸಿಗೆ, ಬಕೆಟ್ಟು, ಚಟ್ನಿಪುಡಿ ಡಬ್ಬಿ ಹೊತ್ತು ನೀವು ಹಾಸ್ಟೆಲ್ ಕಚೇರಿಗೆ ಬರುವ ದಿನಗಳಿವು. ವಾರ್ಡನ್ ಆಗಿದ್ದವನು ನಾನು. ಶುಲ್ಕ, ನೀರು, ಊಟ ಎಲ್ಲ ವಿಚಾರಿಸಿಕೊಂಡ ಮೇಲೆ ನಿಮ್ಮಲ್ಲಿ ಅನೇಕರು ದನಿ ತಗ್ಗಿಸಿ ಕೇಳುತ್ತಿದ್ದಿರಿ: "ಸಾರ್, ರೂಮಿಗೆ ನಮ್ಮವರ ಹುಡುಗನನ್ನೇ ಹಾಕಿಕೊಡಿ." ಹಿಂದೆ ಸಾಲು ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಹೇಳಲಾಗುತ್ತಿರಲಿಲ್ಲ. ಈಗ ಹೇಳುತ್ತೇನೆ.

ಪೇಟೆಗೆ ಓದಲು ಬಂದ ಹಳ್ಳಿಯ ಹುಡುಗರಿಗೆ ಒಂದು ಕಾಲಕ್ಕೆ ತಲೆಯ ಮೇಲೊಂದು ಸೂರೂ ಸಿಗುತ್ತಿರಲಿಲ್ಲ. ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯುತ್ತಿರಲಿಲ್ಲ. 1901ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಮರಾಠಾ ಹುಡುಗರಿಗೆ ಬೋರ್ಡಿಂಗ್ ತೆರೆಸಿದರು. ಬರಬರುತ್ತ ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಒಂದೊಂದು ಎದ್ದವು. ನಮ್ಮಲ್ಲೂ ಮಠಗಳು, ಸಮುದಾಯದ ಸಂಘಗಳು ಇದೇ ಕೆಲಸ ಮಾಡಿದವು. ಅವುಗಳ ಋಣ ದೊಡ್ಡದು. ಅಲ್ಲಿ ಉಂಡು ಓದಿದವರ ಮಕ್ಕಳೇ ಇವತ್ತು ವಿಶ್ವವಿದ್ಯಾಲಯದ ಸಾಲಿನಲ್ಲಿ ನಿಂತಿದ್ದಾರೆ. ಆದರೆ ಈ ಹಾಸ್ಟೆಲನ್ನು ಎಲ್ಲರೂ ಕೂಡಿ ಇರಲೆಂದೇ ಕಟ್ಟಿದ್ದು. ಇಲ್ಲೂ ನಮ್ಮವರನ್ನೇ ಹುಡುಕಿದರೆ ಹುಡುಗ ಊರಿನ ಕೇರಿಯನ್ನು ಹೊತ್ತುಕೊಂಡೇ ಬಂದಂತೆ.

ಮೆಸ್ಸಿನ ಲೆಕ್ಕ ಗೊತ್ತೇ ನಿಮಗೆ? ನಮ್ಮಲ್ಲಿ ಡಿವೈಡಿಂಗ್ ಸಿಸ್ಟಮ್. ತಿಂಗಳಿಗೆ 4,50,000 ರೂಪಾಯಿ ಖರ್ಚಾಗಿ 150 ಜನ ಉಂಡಿದ್ದರೆ ತಲೆಗೆ 3,000. ದಿನಸಿ ಪಟ್ಟಿ ಬರೆಯುವುದು, ಅಡುಗೆಯವರ ಜೊತೆ ನಸುಕಿನಲ್ಲೇ ಮಾರುಕಟ್ಟೆಗೆ ಹೋಗುವುದು, ರಸೀದಿ ಇಸಕೊಳ್ಳುವುದು ಎಲ್ಲ ಹುಡುಗರದೇ. ಬಿಲ್ಲು ನೋಟಿಸ್ ಬೋರ್ಡಿಗೆ ಬಿದ್ದ ರಾತ್ರಿ ಮೆಸ್ ಹಾಲಿನಲ್ಲಿ ಸಭೆ. ಎಣ್ಣೆ ಎರಡು ಟಿನ್ ಹೆಚ್ಚು ಹೇಗಾಯಿತು? ಗೆಸ್ಟ್ ಊಟದ ದುಡ್ಡು ಎಲ್ಲಿ? ವಾರಕ್ಕೆ ಎರಡು ದಿನ ಕೋಳಿ ಬೇಕೆಂದು ತೋಟದ ಮನೆಯ ಹುಡುಗ ಹಟ ಹಿಡಿಯುತ್ತಾನೆ. ಸ್ಕಾಲರ್‌ಶಿಪ್ ಇನ್ನೂ ಬಾರದವನು ಎದ್ದು ನಿಂತು, ಇನ್ನೂರು ರೂಪಾಯಿ ಏರಿದರೂ ನನ್ನ ಕೈಲಾಗುವುದಿಲ್ಲ ಎನ್ನುತ್ತಾನೆ. ಸಭೆ ಗಪ್‌ಚುಪ್. ಪಕ್ಕದಲ್ಲೇ ಕೂತು ಉಣ್ಣುವವನ ಜೇಬಿನ ಸ್ಥಿತಿ ಆ ತೋಟದ ಹುಡುಗನಿಗೆ ತಿಳಿಯುವುದು ಅವತ್ತೇ. ಒಂದೇ ದಿನ ಸಾಕು ಎಂದು ಅವನೇ ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥದ್ದನ್ನು ನಾವು ಯಾವ ತರಗತಿಯಲ್ಲೂ ಕಲಿಸಲಾರೆವು.

ಕೋಣೆಯೊಳಗೂ ಅಷ್ಟೇ. ಕಲಬುರಗಿಯವನು ಮುದ್ದೆ ನುಂಗುವುದು ಕಲಿಯುತ್ತಾನೆ, ಮಂಡ್ಯದವನು ಕಡಕ್ ರೊಟ್ಟಿ ಮುರಿಯುವುದು. ಲೈಟು ಯಾವಾಗ ಆರಿಸಬೇಕೆಂದು ಜಗಳವೂ ಆಗುತ್ತದೆ, ಆಗಲಿ. ಜ್ವರ ಬಂದ ರಾತ್ರಿ ಆಟೋ ಹುಡುಕಿಕೊಂಡು ಬರುವವನೂ ಅದೇ ರೂಮ್‌ಮೇಟ್.

ನಿಮ್ಮ ಭಯ ರ‍್ಯಾಗಿಂಗಿನದ್ದಾದರೆ ಅದು ಬೇರೆ ಮಾತು, ನಾನೂ ನಿಮ್ಮ ಜೊತೆಗಿದ್ದೇನೆ. ಯುಜಿಸಿಯ 2009ರ ನಿಯಮದಂತೆ ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಅದನ್ನು ಓದಿ ಸಹಿ ಮಾಡಿ. ಮಗನಿಗೆ ಕಿರುಕುಳವಾದರೆ ಬೆಳಗಾಗುವವರೆಗೆ ಕಾಯದೆ ವಾರ್ಡನ್ನಿಗೆ ಫೋನ್ ಮಾಡಿ, ರೂಮು ಬದಲಿಸಲೇಬೇಕೆಂದು ಪಟ್ಟು ಹಿಡಿಯಿರಿ. ಜಾತಿಯ ಕಾರಣಕ್ಕೆ ಮಾತ್ರ ಕೇಳಬೇಡಿ. ಹಂಚಿಕೆ ಪಟ್ಟಿಯಲ್ಲಿ ಮಗನ ಹೆಸರಿನ ಕೆಳಗೆ ಯಾರ ಹೆಸರಿದೆಯೋ ಆ ಹುಡುಗನ ಅಪ್ಪ-ಅಮ್ಮನೂ ಅಲ್ಲೇ ಎಲ್ಲೋ ನಿಂತಿರುತ್ತಾರೆ. ಹೋಗಿ ಮಾತಾಡಿಸಿ, ಫೋನ್ ನಂಬರ್ ತೆಗೆದುಕೊಳ್ಳಿ.

ಇತಿ ನಿಮ್ಮ ವಿಶ್ವಾಸಿ,
ಹಳೆಯ ವಾರ್ಡನ್