ಕೋಟು ಒಗೆಯುವ ಕ್ರಮ: ಮನೆಬಳಕೆಯ ಕೈಪಿಡಿ

ಈ ಕೈಪಿಡಿ ಯಾರಿಗೆ?

ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡಿಸಿದ ಕೋಟನ್ನು ರಿಸೆಪ್ಷನ್ನಿನ ಸಂಜೆ ಮೂರು ತಾಸು ಹಾಕಿಕೊಂಡು, ಆಮೇಲೆ ಬೀರುವಿನಲ್ಲಿ ನುಸಿಗುಳಿಗೆಗಳ ವಶಕ್ಕೆ ಒಪ್ಪಿಸಿ, ಇನ್ಯಾರದೋ ಮದುವೆ ಬಂದಾಗ ಮಾತ್ರ ನೆನೆಸಿಕೊಳ್ಳುವ ಎಲ್ಲ ಗಂಡಸರಿಗೆ. ಆಷಾಢದಲ್ಲಿ ಬೀರು ತೆಗೆದು, ಕಪ್ಪು ಕೋಟು ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕಂಡ ಮಲೆನಾಡಿಗರಿಗೆ ವಿಶೇಷವಾಗಿ. ಅದು ಬಣ್ಣವಲ್ಲ, ಬೂಷ್ಟು.

ಲೇಖಕನ ಅರ್ಹತೆ: ಒಂದು ಕೋಟು ಒಗೆದ ಅನುಭವ. ಈಗ ಆ ಕೋಟಿಲ್ಲ, ಅನುಭವವಿದೆ.

ಬೇಕಾಗುವ ಸಾಮಗ್ರಿ

ಕೋಟು 1. ಮಗುವನ್ನು ಮೀಯಿಸುವ ಪ್ಲಾಸ್ಟಿಕ್ ಟಬ್ಬು 1. ಅಂಟುವಾಳದ ಕಾಯಿ ಒಂದು ಬೊಗಸೆ. ದಪ್ಪ ಟವೆಲ್ಲು 2. ಹೆಂಡತಿ ತವರಿಗೆ ಹೋದ ದಿನ 1. ಧೈರ್ಯ, ರುಚಿಗೆ ತಕ್ಕಷ್ಟು.

ಹಂತ 1: ಚೀಟಿ ಓದುವುದು

ಒಳಜೇಬಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಅಗಲದ, ಹೊಳೆಯುವ ಬಿಳಿ ಚೀಟಿ ಇರುತ್ತದೆ. ಅದರ ಚಿತ್ರಗಳಿಗೆ ಐಎಸ್‌ಒ 3758 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಬೋಗುಣಿಯಲ್ಲಿ ಕೈ ಇದ್ದರೆ ಕೈಯಲ್ಲಿ ಒಗೆಯಬಹುದು. ಬೋಗುಣಿಗೆ ಕಾಟು ಹೊಡೆದಿದ್ದರೆ ಮನೆಯಲ್ಲಿ ನೀರಿಗೆ ಹಾಕುವಂತಿಲ್ಲ. ವೃತ್ತದೊಳಗೆ ಅಕ್ಷರವಿದ್ದರೆ ಅದು ನಿಮಗಲ್ಲ, ಡ್ರೈಕ್ಲೀನ್ ಅಂಗಡಿಯವನಿಗೆ ಬರೆದ ಕಾಗದ: ಯಾವ ದ್ರಾವಕ ಹಾಕಬಹುದು ಎಂಬ ಸೂಚನೆ. ನನ್ನ ಕೋಟಿನಲ್ಲಿ ಕಾಟು, ವೃತ್ತ ಎರಡೂ ಇದ್ದವು. ಅಷ್ಟು ಸಾಲದೆಂದು ಕೆಳಗೆ ‘ಡ್ರೈಕ್ಲೀನ್ ಓನ್ಲಿ’ ಎಂದೂ ಅಚ್ಚಾಗಿತ್ತು. ‘ನೋ ಪಾರ್ಕಿಂಗ್’ ಬೋರ್ಡಿಗೇ ಸ್ಕೂಟರ್ ಒರಗಿಸಿ ನಿಲ್ಲಿಸುವವರಿಗೆ ‘ಓನ್ಲಿ’ ಒಂದು ಅಡ್ಡಿಯೇ? ಮುಂದುವರಿಯಿರಿ.

ಹಂತ 2: ಘನವಾದ ಕಾರಣ ಹುಡುಕುವುದು

ಅಂಗಡಿಯವನು ಕೇಳುವ ನಾನೂರು ರೂಪಾಯಿ ಉಳಿಸಲು ಕೋಟು ಒಗೆದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಆದ್ದರಿಂದ ವಿಜ್ಞಾನಕ್ಕೆ ಶರಣಾಗಿ. ಡ್ರೈಕ್ಲೀನಿಂಗ್ ಹೆಸರಿಗೆ ಮಾತ್ರ ಡ್ರೈ. ಅಲ್ಲಿ ಬಟ್ಟೆ ಚೆನ್ನಾಗಿಯೇ ನೆನೆಯುತ್ತದೆ, ನೀರಿನ ಬದಲು ಬೇರೆ ದ್ರವದಲ್ಲಿ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಾದ ದ್ರವ ಪರ್‌ಕ್ಲೋರೋಎಥಿಲೀನ್. ಇದು ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಡ್ರೈಕ್ಲೀನಿಂಗಿನಲ್ಲಿ ಇದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇದಿಷ್ಟನ್ನೂ ಬಾಯಿಪಾಠ ಮಾಡಿಕೊಳ್ಳಿ. ಮುಂದೆ ವಿಚಾರಣೆಯ ಹೊತ್ತಿಗೆ ಬೇಕಾಗುತ್ತದೆ.

ಇನ್ನೊಂದು ವಾದವೂ ಉಂಟು. ಹೋಳಿಗೆಯ ಮೇಲಿಂದ ಜಾರಿದ ತುಪ್ಪ ದ್ರಾವಕದಲ್ಲಿ ಕರಗುತ್ತದೆ. ಹಾರ ಹಾಕಿಕೊಂಡು ಮೂರು ತಾಸು ನಿಂತಾಗ ಸುರಿದ ಬೆವರಿನ ಉಪ್ಪು ಕರಗುವುದು ನೀರಿನಲ್ಲಿ. ನನ್ನ ಕೋಟಿನಲ್ಲಿ ತುಪ್ಪಕ್ಕಿಂತ ಬೆವರೇ ಹೆಚ್ಚಿತ್ತು.

ಹಂತ 3: ನೊರೆ

ಸೋಪಿನ ಪುಡಿ ಮುಟ್ಟಬೇಡಿ. ಉಣ್ಣೆಯೆಂದರೆ ಕೂದಲು. ನಮ್ಮ ತಲೆಗೂದಲಿನ ಹಾಗೆಯೇ ಕೆರಾಟಿನ್ ಎಂಬ ಪ್ರೋಟೀನು. ಪುಡಿಯಲ್ಲಿರುವ ಕ್ಷಾರ ಅದನ್ನು ಒರಟು ಮಾಡುತ್ತದೆ. ಸಾರಿನ ಕಲೆ, ರಕ್ತದ ಕಲೆ ತಿನ್ನಲೆಂದು ಕೆಲವು ಪುಡಿಗಳಿಗೆ ಬೆರೆಸಿದ ಕಿಣ್ವಗಳು ಉಣ್ಣೆಯನ್ನೂ ತಿನ್ನಬಲ್ಲವು. ಅವುಗಳ ಪಾಲಿಗೆ ಎರಡೂ ಊಟವೇ. ಅಜ್ಜಿ ತನ್ನ ಪಟ್ಟೆ ಸೀರೆಗೆ ಅಂಟುವಾಳ ಬಿಟ್ಟು ಬೇರೇನೂ ತಾಗಿಸುತ್ತಿರಲಿಲ್ಲ. ರಾತ್ರಿ ಕಾಯಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಪಂಚೆಯ ತುಂಡಿನಲ್ಲಿ ಸೋಸಿ. ಸೋಸದಿದ್ದರೆ ಸಿಪ್ಪೆಯ ಚೂರುಗಳನ್ನು ಕಾಲರಿನಿಂದ ಹೆಕ್ಕುತ್ತ ಮಧ್ಯಾಹ್ನವಾಗುತ್ತದೆ.

ಹಂತ 4: ಮುಳುಗಿಸುವುದು

ತಣ್ಣೀರು, ಅದಕ್ಕೆ ಸೋಸಿದ ಅಂಟುವಾಳದ ನೊರೆ. ಬಚ್ಚಲ ಹಂಡೆಯ ಕಡೆ ತಿರುಗಿಯೂ ನೋಡಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಒಗೆಯುವ ಕಲ್ಲಿನ ವಿಷಯ ಎತ್ತಲೇಬೇಡಿ.

ಕೋಟು ತಾನಾಗಿ ಮುಳುಗುವುದಿಲ್ಲ. ಒಳಗೆ ಗಾಳಿ ತುಂಬಿ ಎದೆ ಉಬ್ಬುತ್ತದೆ. ಬಲಭುಜ ಒತ್ತಿದರೆ ಎಡಭುಜ ಏಳುತ್ತದೆ. ನಾನು ಎರಡೂ ಭುಜ ಒತ್ತಿ ಹಿಡಿದಿದ್ದಾಗ ಖಾಲಿ ತೋಳೊಂದು ಮೆಲ್ಲಗೆ ಮೇಲೆ ಬಂದು ಟಬ್ಬಿನ ಅಂಚಿಗೆ ಆತುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಅಯ್ಯೋ, ಯಾರನ್ನೋ ಮುಳುಗಿಸ್ತಿದೀಯ?” ಎಂದಳು. ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಹತ್ತು ನಿಮಿಷವಾದ ಮೇಲೆ ಎತ್ತಿ. ಕಾಲರ್ ಹಿಡಿದಲ್ಲ, ಎರಡೂ ಕೈ ಅಡಿಗೆ ಕೊಟ್ಟು, ಎಳೆಗೂಸನ್ನು ಎತ್ತುವ ಹಾಗೆ. ನೀರು ಕುಡಿದ ಕೋಟು ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ.

ಹಂತ 5: ಒಣಗಿಸುವುದು

ಹಿಂಡಬಾರದು. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹಾಸಿ ನೆರಳಿನಲ್ಲಿ ಒಣಗಿಸಬೇಕು. ನೆರಳಿಗೆ ಮಲೆನಾಡಿನ ಆಷಾಢದಲ್ಲಿ ಬರವಿಲ್ಲ. ಒಣಗುವುದೇ ಕಷ್ಟ. ಮೂರನೆಯ ದಿನವೂ ತೋಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದಾಗ ಬಚ್ಚಲ ಒಲೆಯ ಮೇಲಿನ ಗಳುವಿಗೆ ಸಾಗಿಸಿದೆ. ಅಲ್ಲಿ ಅದು ಒಳ ಉಡುಪುಗಳ ಜೊತೆ ಎರಡು ದಿನ ಹೊಗೆ ತಿಂದಿತು. ಐದನೆಯ ದಿನ ಒಣಗಿತು. ಎದೆಯ ಮೇಲೆ ಸುಟ್ಟ ಹಪ್ಪಳದ ಹಾಗೆ ಗುಳ್ಳೆಗಳೆದ್ದಿದ್ದವು.

ತೊಂದರೆ ಮತ್ತು ಪರಿಹಾರ

ಎದೆಯ ಮೇಲೆ ಗುಳ್ಳೆ: ಇಸ್ತ್ರಿ ಮಾಡಿ. ಗುಳ್ಳೆ ಪಕ್ಕಕ್ಕೆ ಸರಿಯುತ್ತದೆ.

ಕೆಳಅಂಚು ಒಳಕ್ಕೆ ಮಡಚಿಕೊಂಡಿದೆ: ಎಳೆಯಿರಿ. ಬಿಟ್ಟ ಕೂಡಲೇ ಮತ್ತೆ ಮಡಚಿಕೊಳ್ಳುತ್ತದೆ.

ಒಂದು ಭುಜ ಎತ್ತರ, ಇನ್ನೊಂದು ತಗ್ಗು: ಫೋಟೋ ತೆಗೆಸುವಾಗ ಓರೆಯಾಗಿ ನಿಲ್ಲಿ.

ಹೆಂಡತಿ ತವರಿನಿಂದ ಬಂದಿದ್ದಾಳೆ: ಹಂತ 2 ನೋಡಿ. ನಾನು ಪರ್‌ಕ್ಲೋರೋಎಥಿಲೀನಿನಿಂದ ಶುರು ಮಾಡಿದೆ. ಅವಳು ಪೂರ್ತಿ ಕೇಳಿ, “ಅಪ್ಪ ಕೊಡಿಸಿದ್ದು ರೀ ಅದು” ಎಂದಳು. ಇದಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಒಳನೋಟ

ಕೊನೆಗೆ ಟೈಲರ್ ಹತ್ತಿರ ಒಯ್ದೆ. ಆತ ಬ್ಲೇಡಿನಿಂದ ಲೈನಿಂಗಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ ಕೋಟಿನ ಹೊಟ್ಟೆ ತೋರಿಸಿದ. ಹೊರಗೆ ಟೆರಿವುಲ್, ಅಂದರೆ ಪಾಲಿಯೆಸ್ಟರ್ ಬೆರೆತ ಉಣ್ಣೆ. ಅದರ ಬೆನ್ನಿಗೆ ಬಿಳಿ ಬಕ್ರಂ. ಬಕ್ರಮಿನ ಮೇಲೆ ಸಾಸಿವೆಗಿಂತ ಸಣ್ಣ ಅಂಟಿನ ಚುಕ್ಕೆಗಳು ಸಾಲುಸಾಲಾಗಿದ್ದವು. ಭುಜದಲ್ಲಿ ಸ್ಪಂಜು, ಹತ್ತಿ. ಎಲ್ಲದರ ಹಿಂದೆ ವಿಸ್ಕೋಸ್ ಲೈನಿಂಗ್. “ಸಾರ್, ಈಗಿನ ಕೋಟಲ್ಲಿ ಹೊಲಿಗೆಗಿಂತ ಅಂಟೇ ಜಾಸ್ತಿ. ನಿಮ್ದು ಅಂಟು ಬಿಟ್ಟಿದೆ” ಎಂದ.

ಆಗ ತಿಳಿಯಿತು. ನಾನು ಉಣ್ಣೆ ಒಗೆಯುವ ಪಾಠವನ್ನಷ್ಟೇ ಕಲಿತಿದ್ದೆ, ಒಗೆದದ್ದು ಕೋಟನ್ನು. ಕೋಟು ಒಂದು ಬಟ್ಟೆಯಲ್ಲ, ಅವಿಭಕ್ತ ಕುಟುಂಬ. ಐದಾರು ಜಾತಿಯ ಬಟ್ಟೆಗಳು ಅಂಟು, ದಾರದ ಬಲದಿಂದ ಒಂದೇ ಸೂರಿನಡಿ ಮರ್ಯಾದೆಯಾಗಿ ಇರುತ್ತವೆ. ನೀರು ಬಿದ್ದ ದಿನ ಹಿಸ್ಸೆ. ವಿಸ್ಕೋಸ್ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಉಣ್ಣೆ ತನ್ನ ಲೆಕ್ಕದಲ್ಲಿ ಕುಗ್ಗುತ್ತದೆ, ಬಕ್ರಂ ಬೇರೆ ಮನೆ ಮಾಡುತ್ತದೆ. ಚೀಟಿ ಕಾಯುತ್ತಿದ್ದುದು ಹೊರಗಿನ ಬಟ್ಟೆಯನ್ನಲ್ಲ, ಒಳಗಿನ ಈ ಹೊಂದಾಣಿಕೆಯನ್ನು.

ನಮ್ಮ ಅಟ್ಟದಲ್ಲಿ ಅಜ್ಜನ ಕಂಬಳಿಯಿದೆ. ಅದೂ ಕುರಿಯದೇ ಉಣ್ಣೆ. ನೇಯ್ದ ಮೇಲೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ್ದು. ಕೊಪ್ಪೆ ಮಾಡಿ ಹೊದ್ದುಕೊಂಡು ಎಷ್ಟೋ ಮಳೆಗಾಲ ಅಜ್ಜ ಗದ್ದೆಯಲ್ಲಿ ನಿಂತದ್ದುಂಟು. ಗುಳ್ಳೆ ಏಳಲಿಲ್ಲ. ಅದಕ್ಕೆ ಬಕ್ರಂ ಇಲ್ಲ, ಲೈನಿಂಗ್ ಇಲ್ಲ, ಪಾಲು ಕೇಳುವವರೇ ಇಲ್ಲ.

ನಿಜವಾಗಿ ಮಾಡಬೇಕಾದದ್ದು

ವರ್ಷಕ್ಕೆ ಮೂರು ತಾಸು ಹಾಕುವ ಕೋಟಿಗೆ ಡ್ರೈಕ್ಲೀನಿಂಗ್ ಕೂಡ ಅಪರೂಪಕ್ಕೊಮ್ಮೆ ಸಾಕು. ಬಿಚ್ಚಿದ ರಾತ್ರಿಯೇ ಬೀರುವಿಗೆ ತುರುಕದೆ ಅಗಲ ಭುಜದ ಹ್ಯಾಂಗರಿನಲ್ಲಿ ಗಾಳಿಗೆ ಬಿಡಿ. ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ತುಪ್ಪ ಬಿದ್ದರೆ ಉಜ್ಜದೆ, ನೀರು ಹಾಕದೆ, ಒಣ ಜೋಳದ ಹಿಟ್ಟು ಉದುರಿಸಿ ರಾತ್ರಿಯಿಡೀ ಬಿಟ್ಟು ಕೊಡವಿ. ಉಳಿದ ಕಲೆಗೆ ಅಂಗಡಿ. ಒಳಗೆ ಅಂಟು, ಲೈನಿಂಗ್ ಇಲ್ಲದ ಸ್ವೆಟರ್, ಶಾಲುಗಳ ಮೇಲೆ ಹಂತ 3ರಿಂದ 5ರವರೆಗೆ ಧಾರಾಳವಾಗಿ ಪ್ರಯೋಗಿಸಬಹುದು. ಆದರೆ ಅವುಗಳ ಚೀಟಿಯನ್ನೂ ಒಮ್ಮೆ ಓದಿ.

ಗ್ಯಾರಂಟಿ

ಈ ವಿಧಾನದಲ್ಲಿ ಒಗೆದರೆ ಕೋಟಿನ ಒಂದು ಭಾಗವಂತೂ ಖಂಡಿತ ಕೆಡುವುದಿಲ್ಲ. ಟೈಲರ್ ಲೈನಿಂಗ್ ಬಿಚ್ಚುವಾಗ ಅದು ಕೆಳಗೆ ಬಿತ್ತು. ಹೆಕ್ಕಿಕೊಂಡು ಬಂದು ಇಟ್ಟುಕೊಂಡಿದ್ದೇನೆ. ಹೆಬ್ಬೆರಳಿನಷ್ಟು ಅಗಲ, ಅಪ್ಪಟ ಪಾಲಿಯೆಸ್ಟರ್. ಕುಗ್ಗಿಲ್ಲ, ಹಿಗ್ಗಿಲ್ಲ, ಹೊಗೆಯ ವಾಸನೆಯೂ ಹಿಡಿದಿಲ್ಲ. ಮೇಲಿನ ಅಕ್ಷರಗಳಲ್ಲಿ ಒಂದೂ ಮಾಸಿಲ್ಲ: ಡ್ರೈಕ್ಲೀನ್ ಓನ್ಲಿ.