ನಾಳೆ ಟಚ್ ಬೇಸ್ ಮಾಡೋಣ

ಮಗ ಮನೆಯಿಂದಲೇ ಆಫೀಸು ಮಾಡುವ ದಿನ ನಮ್ಮ ಹಾಲಿನಲ್ಲಿ ಕೂತವರಿಗೆ ಇಂಗ್ಲಿಷ್ ಪಾಠ ಪುಕ್ಕಟೆ. ಅವನ ಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಅವರೆಕಾಯಿ ಸುಲಿಯುವ ನೆಪದಲ್ಲಿ ನಾನು ಅಲ್ಲೇ ಕುರ್ಚಿ ಹಾಕಿಕೊಳ್ಳುತ್ತೇನೆ. ರೆನ್ ಅಂಡ್ ಮಾರ್ಟಿನ್ ಉರುಹೊಡೆದು ಸರ್ಕಾರಿ ನೌಕರಿ ಹಿಡಿದವನು ನಾನು. ಆ ಪುಸ್ತಕದಲ್ಲಿ ಸಿಗದ ಇಂಗ್ಲಿಷೆಲ್ಲ ಈ ಬಾಗಿಲ ಸಂದಿಯಿಂದ ಬರುತ್ತದೆ.

"ನಾಳೆ ಟಚ್ ಬೇಸ್ ಮಾಡೋಣ" ಎನ್ನುತ್ತಾನೆ ಮಗ. "ಖರ್ಚಿಂದು ಒಂದು ಬಾಲ್‌ಪಾರ್ಕ್ ಫಿಗರ್ ಕೊಡ್ರಿ" ಎನ್ನುತ್ತದೆ ಹುಬ್ಬಳ್ಳಿ ಕಡೆಯ ದನಿ. ಹಾಸನದ ಹುಡುಗಿಯೊಬ್ಬಳು ಕ್ಲೈಂಟು ಕರ್ವ್‌ಬಾಲ್ ಎಸೆದನೆಂದು ಗೋಳಾಡುತ್ತಾಳೆ. ಮೂರೂ ಬೇಸ್‌ಬಾಲ್ ಮಾತು. ನೀವ್ಯಾರಾದರೂ ಆ ಆಟ ನೋಡಿದ್ದೀರೇನೋ ಎಂದು ಮಗನನ್ನು ಕೇಳಿದೆ. "ಸಿನಿಮಾದಲ್ಲಿ ಬ್ಯಾಟು ನೋಡಿದೀನಲ್ಲಪ್ಪ" ಎಂದ. ಅದು ರೌಡಿಗಳ ಕೈಯ ಬ್ಯಾಟು. ನಮ್ಮ ಸಿನಿಮಾದಲ್ಲಿ ಅದರಿಂದ ಚೆಂಡು ಹೊಡೆದವರನ್ನು ನಾನಂತೂ ಕಂಡಿಲ್ಲ.

ಆ ಆಟದಲ್ಲಿ 90 ಅಡಿಗೊಂದರಂತೆ ನಾಲ್ಕು ಮೂಲೆ. ಓಡುವವನು ಒಂದೊಂದು ಬೇಸನ್ನೂ ಮುಟ್ಟಿಯೇ ಮುಂದೆ ಹೋಗಬೇಕು. ಮುಟ್ಟದೆ ಹೋದದ್ದನ್ನು ಎದುರಾಳಿ ತಂಡದವರು ಹಿಡಿದರೆ ಔಟು. ಮಗನ ಆಫೀಸಿನಲ್ಲಿ ಟಚ್ ಬೇಸ್ ಎಂದರೆ ಇವತ್ತು ಏನೂ ತೀರ್ಮಾನವಾಗಲಿಲ್ಲ ಎಂದಷ್ಟೇ. ಅರ್ಥವಾಗದವರೂ ತಲೆಯಾಡಿಸುತ್ತಾರೆ. ಮೀಟಿಂಗಿನ ನಡುವೆ ಇಂಥ ಮಾತಿನ ಅರ್ಥ ಕೇಳುವುದು, ಮದುವೆ ಊಟ ಮುಗಿಸಿ "ಗಂಡು ಯಾರು?" ಎಂದು ವಿಚಾರಿಸಿದ ಹಾಗೆ.

ಬ್ರಿಟಿಷರು ವಾಸಿ, ಮಾತಿನ ಜೊತೆ ಆಟವನ್ನೂ ಬಿಟ್ಟುಹೋದರು. 1858ರಲ್ಲಿ ಶೆಫೀಲ್ಡ್‌ನಲ್ಲಿ ಎಚ್. ಎಚ್. ಸ್ಟೀಫನ್ಸನ್ ಎಂಬಾತ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಕಿತ್ತ. ಮೆಚ್ಚಿದವರು ಚಂದಾ ಎತ್ತಿ ಅವನಿಗೊಂದು ಹ್ಯಾಟು ಕೊಡಿಸಿದರು. ಆ ಹ್ಯಾಟು ಎಲ್ಲೆಲ್ಲೋ ಸುತ್ತಿ, 'ಆನಂದ್', 'ರಥಸಪ್ತಮಿ', 'ಮನ ಮೆಚ್ಚಿದ ಹುಡುಗಿ' ಎಂದು ಮೊದಲ ಮೂರು ಚಿತ್ರಗಳನ್ನೂ ಗೆಲ್ಲಿಸಿದ ಶಿವರಾಜ್‌ಕುಮಾರ್ ತಲೆಗೆ ಬಂದು ಕೂತಿತು. ಹ್ಯಾಟ್ರಿಕ್ ಹೀರೋ ಎಂದರೆ ಯಾರೆಂದು ನಮ್ಮ ಬೀದಿಯ ಸೊಪ್ಪಿನ ಅಜ್ಜಿಯೂ ಹೇಳುತ್ತಾರೆ. ಡಿಕ್ಷನರಿ ಬೇಕಿಲ್ಲ.

ಇನ್ನು ಮ್ಯಾನೇಜರರ ಮಾತು: "ಮೊದಲು ಲೋ ಹ್ಯಾಂಗಿಂಗ್ ಫ್ರೂಟ್ ನೋಡಿ." ಕೈಗೆಟಕುವ ಹಣ್ಣು, ಅಂದರೆ ಸುಲಭದ ಕೆಲಸ. ಸರಿ. ಆದರೆ ಕಾಂಪೌಂಡಿನಾಚೆ ಬಾಗಿದ ಮಾವಿನಕಾಯಿ ಮನೆಯವರಿಗೆ ಎಂದಾದರೂ ದಕ್ಕಿದ್ದುಂಟೆ? ಈ ಮಾತು ಹುಟ್ಟಿಸಿದವನ ಮನೆ ಹತ್ತಿರ ಸ್ಕೂಲು ಇದ್ದಿರಲಾರದು.

ನನ್ನ ಪಾಲಿಗೂ ಒಂದು ನುಡಿಗಟ್ಟು ಬಂದಿತ್ತು, ರೆಡ್ ಟೇಪ್. ಇಂಗ್ಲೆಂಡಿನಲ್ಲಿ ಸರ್ಕಾರದ, ಕೋರ್ಟಿನ ಕಾಗದಗಳನ್ನು ಕೆಂಪು ಪಟ್ಟಿಯಿಂದ ಕಟ್ಟಿಡುತ್ತಿದ್ದರಂತೆ. ನಮ್ಮ ಕಚೇರಿಯ ಕಡತಗಳಿಗೆ ಇದ್ದದ್ದು ಬಿಳಿ ಲಾಡಿ, ಥೇಟ್ ಪೈಜಾಮದ್ದೇ. ಪೇಪರಿನವರು ಕೆಂಪುಪಟ್ಟಿ ಎಂದು ಬೈದು ಬರೆದ ದಿನ ನಮ್ಮ ಸಾಹೇಬರು ರ‍್ಯಾಕಿನತ್ತ ಒಮ್ಮೆ ಕಣ್ಣಾಡಿಸಿ, "ಇದು ನಮಗೆ ಬರೆದದ್ದಲ್ಲ ಬಿಡ್ರಿ" ಎಂದು ಕಾಫಿಗೆ ಏಳುತ್ತಿದ್ದರು.

ಎಲ್ಲಕ್ಕಿಂತ ಭಯಂಕರ ಚರಿತ್ರೆ ಇರುವುದು ಡೆಡ್‌ಲೈನಿಗೆ. ಅಮೆರಿಕದ ಅಂತರ್ಯುದ್ಧದ ಕಾಲ, 1864. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಸುತ್ತುಗೋಡೆಯ ಒಳಗಡೆ ಒಂದು ಮರದ ಅಡ್ಡಪಟ್ಟಿ ಎಳೆದಿದ್ದರು. ಅದನ್ನು ದಾಟಿದ ಕೈದಿಗೆ ಮೇಲಿನಿಂದ ಗುಂಡು. ಅದರ ಹೆಸರೇ ಡೆಡ್ ಲೈನ್. ಪತ್ರಿಕಾ ಕಚೇರಿಗಳು ಅದನ್ನು ಗಡುವಿಗೆ ಬಳಸಿದ್ದು ಬಹಳ ಆಮೇಲೆ.

ಇದಿಷ್ಟನ್ನೂ ರಾತ್ರಿ ಊಟದ ಹೊತ್ತಿಗೆ ಮಗನಿಗೆ ವಿವರವಾಗಿ ಹೇಳಿದೆ, ಗುಂಡಿನ ಸಮೇತ. ಅವನು ಸಾರನ್ನ ಕಲಸುತ್ತಾ ಅಂದ: "ನಮ್ಮದು ಶುಕ್ರವಾರಕ್ಕೆ ಮುಂದೆ ಹೋಯ್ತಪ್ಪ."