ಉಪದೇಶಕಾಲೀನ ನಿದ್ರಾಮೀಮಾಂಸೆ

ಕ್ರೈಸ್ತ ಮತದ ಇತಿಹಾಸವನ್ನು ಬರೆದ ಮಹನೀಯರು ಪೋಪರನ್ನೂ ಚಕ್ರವರ್ತಿಗಳನ್ನೂ ಧರ್ಮಸಭೆಗಳ ನಿರ್ಣಯಗಳನ್ನೂ ಸಂಪುಟಗಟ್ಟಲೆ ವರ್ಣಿಸಿ, ವೇದಿಕೆಯ ಮೇಲೆ ನಿಂತು ಮಾತನಾಡಿದವನ ಹೆಸರು, ಊರು, ಮರಣಕಾಲಗಳನ್ನು ಒಂದನ್ನೂ ಬಿಡದೆ ದಾಖಲಿಸಿರುವರಾದರೂ, ಅದೇ ವೇದಿಕೆಯ ಕೆಳಗೆ ನಿಂತೋ ಕುಳಿತೋ ಕಂಬಕ್ಕೊರಗಿಯೋ ಸುಮಾರು ಸಾವಿರದ ಒಂಬೈನೂರು ವರ್ಷಗಳ ಕಾಲ ಆ ಮಾತನ್ನೆಲ್ಲ ಸಹಿಸಿಕೊಂಡ ಸಾಮಾನ್ಯ ಭಕ್ತನ ವಿಷಯದಲ್ಲಿ ಬಹುಮಟ್ಟಿಗೆ ಮೌನವನ್ನೇ ತಾಳಿರುವರು. ಈ ಲೋಪವನ್ನು ಪರಿಹರಿಸುವ ಉದ್ದೇಶದಿಂದ, ಆ ಭಕ್ತನ ಧಾರ್ಮಿಕ ಜೀವನದಲ್ಲಿ ಅತ್ಯಂತ ವ್ಯಾಪಕವೂ ಅತ್ಯಂತ ಅವಜ್ಞಾತವೂ ಆದ ಒಂದು ಆಚರಣೆಯನ್ನು ಕುರಿತು ಪ್ರಕೃತ ಪ್ರಬಂಧವು ಪ್ರವೃತ್ತವಾಗಿದೆ.

ಶಾಸ್ತ್ರಗ್ರಂಥಕ್ಕೆ ಅನುಬಂಧಚತುಷ್ಟಯವು ಆವಶ್ಯಕವೆಂದು ಪ್ರಾಜ್ಞರು ವಿಧಿಸಿರುವುದರಿಂದ ಅದನ್ನು ಮೊದಲು ನಿರೂಪಿಸುವೆವು. ದೇವಾಲಯದಲ್ಲಿ ಉಪದೇಶವು ನಡೆಯುತ್ತಿರುವಾಗ ಶ್ರೋತೃವಿಗೆ ಬರುವ ನಿದ್ರೆಯೇ ಇಲ್ಲಿಯ ವಿಷಯ. ಉಪದೇಶಕ್ಕೂ ನಿದ್ರೆಗೂ ಇರುವ ಜನ್ಯಜನಕಭಾವವೇ ಸಂಬಂಧ. ಕಣ್ಣು ಮುಚ್ಚಿದವನ ಮಾನರಕ್ಷಣೆಯೇ ಪ್ರಯೋಜನ. ಜೀವಮಾನದಲ್ಲಿ ಒಮ್ಮೆಯಾದರೂ ಸಭೆಯಲ್ಲಿ ತೂಕಡಿಸಿ, ಪಕ್ಕದವನ ಮೊಣಕೈ ತಗುಲಿದೊಡನೆ ತಲೆದೂಗಿ, ವಕ್ತೃವಿನ ವಾದವನ್ನು ಸಂಪೂರ್ಣವಾಗಿ ಒಪ್ಪಿದವನಂತೆ ನಟಿಸಿದ ಯಾವನಾದರೂ ಅಧಿಕಾರಿ. ಗೊರಕೆಯು ಸಂಗೀತಶಾಸ್ತ್ರದ ವ್ಯಾಪ್ತಿಗೆ ಸೇರಿದುದರಿಂದ ಅದನ್ನಿಲ್ಲಿ ವಿಚಾರಿಸುವುದಿಲ್ಲ.

ಶಬ್ದಪ್ರಮಾಣವು ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ತ್ರೋವ ಪಟ್ಟಣದ ಒಂದು ಮಹಡಿಯ ಕೋಣೆಯಲ್ಲಿ, ಮರುದಿನ ಪ್ರಯಾಣ ಹೊರಡಲಿದ್ದ ಪೌಲನು ಮಧ್ಯರಾತ್ರಿಯವರೆಗೂ ಪ್ರಸಂಗವನ್ನು ಬೆಳೆಸಲಾಗಿ, ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ತರುಣನು ಗಾಢನಿದ್ರೆಗೆ ವಶನಾಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು; ಎತ್ತಿ ನೋಡಿದವರು ಸತ್ತನೆಂದುಕೊಂಡರು; ಪೌಲನು ಇಳಿದುಬಂದು ಅವನನ್ನು ತಬ್ಬಿಕೊಂಡು, ಪ್ರಾಣವಿದೆಯೆಂದು ಸಮಾಧಾನ ಹೇಳಿದನು. ಕೋಣೆಯಲ್ಲಿ ಬಹಳ ದೀಪಗಳಿದ್ದುವೆಂದು ಗ್ರಂಥಕಾರನು ವ್ಯರ್ಥವಾಗಿ ಹೇಳಿರಲಾರನಾದುದರಿಂದ, ದೀಪಧೂಮವೇ ನಿದ್ರೆಗೆ ಕಾರಣವೆಂದು ವಾದಿಸುವುದು ಸಾಧ್ಯ. ಆದರೆ ಧೂಮವು ಸಭೆಗೆಲ್ಲ ಸಾಧಾರಣವಾಗಿದ್ದು, ಕಿಟಕಿಯಲ್ಲಿದ್ದವನಿಗೆ ಮಿಕ್ಕವರಿಗಿಂತ ಹೆಚ್ಚು ಗಾಳಿಯೇ ದೊರೆಯುತ್ತಿದ್ದಿರಬೇಕಾಗಿ, ಆ ವಾದವು ಯೂತಿಕನಂತೆಯೇ ಆಧಾರವಿಲ್ಲದೆ ಕೆಳಗೆ ಬೀಳುತ್ತದೆ. ವಿದ್ವಾಂಸರು ಮನನ ಮಾಡಬೇಕಾದುದು ಅಲ್ಲಿಯ ಮುಂದಿನ ಸಂಗತಿಯನ್ನು: ಪೌಲನು ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತನಾಡಿದನು. ಶ್ರೋತೃವಿನ ಪತನದಿಂದ ವಕ್ತೃವು ಧೃತಿಗೆಡತಕ್ಕದ್ದಲ್ಲವೆಂಬ ಸಂಪ್ರದಾಯವು ಅಂದಿನಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆ.

ಈಗ ಪೂರ್ವಪಕ್ಷ. ನಿದ್ರೆಯು ದೋಷ, ಎಚ್ಚರವೇ ಭಕ್ತಿಯೆಂದು ಉಪದೇಶಕರೆಲ್ಲರೂ ಏಕಕಂಠದಿಂದ ಸಾರುತ್ತಾರೆ. ಹಾಗಾದರೆ ಎಚ್ಚರವಾಗಿದ್ದವರು ಏನು ಮಾಡುತ್ತಿದ್ದರೆಂಬುದನ್ನು ಆ ಉಪದೇಶಕರ ಬಾಯಿಂದಲೇ ಕೇಳಬೇಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದ ಪ್ರಸಂಗಪೀಠವನ್ನು ಅಲಂಕರಿಸಿದ್ದ, ಸುವರ್ಣಮುಖನೆಂಬ ಬಿರುದಿನ ಯೋಹಾನ ಕ್ರಿಸೋಸ್ತಮನಿಗಿಂತ ಸಮರ್ಥನಾದ ಸಾಕ್ಷಿಯು ದೊರೆಯಲಾರನು. ಒಂದು ಸಂಜೆ ಅವನು ಆದಿಕಾಂಡವನ್ನು ವ್ಯಾಖ್ಯಾನಿಸುತ್ತಿದ್ದಾಗ ದೀಪ ಹಚ್ಚುವವನು ಒಳಗೆ ಬರಲು, ಸಭೆಯ ತಲೆಗಳೆಲ್ಲ ಆ ಕಡೆಗೆ ತಿರುಗಿದುವು. ಜಗತ್ಸೃಷ್ಟಿಯ ಬೆಳಕಿಗಿಂತ ಎಣ್ಣೆಯ ಬೆಳಕೇ ಜನಕ್ಕೆ ರುಚಿಸಿತೆಂದು ಅವನು ನೊಂದು ಗದರಿಸಬೇಕಾಯಿತು. ಸಭಿಕರು ಮೈಮರೆತು ಕೇಳುತ್ತಿದ್ದ ದಿನಗಳಲ್ಲಿ ಗಂಟುಕಳ್ಳರು ಗುಂಪಿನೊಳಗೆ ನುಗ್ಗಿ ಹಣದ ಚೀಲಗಳನ್ನು ಕತ್ತರಿಸುತ್ತಿದ್ದುದರಿಂದ, ದೇವಾಲಯಕ್ಕೆ ಹಣ ತರಬೇಡಿರೆಂದು ಅವನೇ ಎಚ್ಚರಿಸಿದ್ದಾನೆ. ಮುಂದೆ ಕಾನ್‌ಸ್ಟಾಂಟಿನೋಪಲಿನಲ್ಲಿ, ಉಪದೇಶದ ನಡುವೆ ಚಪ್ಪಾಳೆ ತಟ್ಟುವುದು ಅನುಚಿತವೆಂದು ಅವನು ವಾಗ್ವೈಭವದಿಂದ ಪ್ರತಿಪಾದಿಸಿದಾಗ, ಆ ಪ್ರತಿಪಾದನೆಗೂ ಚಪ್ಪಾಳೆ ಬಿದ್ದಿತು. ಮಲಗಿದ್ದವನು ಇವುಗಳಲ್ಲಿ ಒಂದನ್ನಾದರೂ ಮಾಡಿದನೆಂಬುದಕ್ಕೆ ಪ್ರಮಾಣವಿಲ್ಲ.

ಆಸನವಿಚಾರವೂ ಇಲ್ಲಿ ಪ್ರಸಕ್ತವಾಗುತ್ತದೆ. ಆಫ್ರಿಕದ ದೇವಾಲಯಗಳಲ್ಲಿ ಬಿಷಪ್ಪನು ಕುಳಿತು ಮಾತನಾಡುವುದೂ ಜನರು ನಿಂತು ಕೇಳುವುದೂ ವಾಡಿಕೆಯಾಗಿದ್ದಾಗ, ಸುಮಾರು 400ರಲ್ಲಿ ಅಲ್ಲಿಯ ಬಿಷಪ್ಪನಾದ ಅಗಸ್ಟೀನನು ಹೊಸಬರಿಗೆ ಧರ್ಮಬೋಧೆ ಮಾಡುವ ಕ್ರಮವನ್ನು ಕುರಿತು ಬರೆಯುತ್ತ, ಕೇಳುವವನು ಆಕಳಿಸತೊಡಗಿದರೆ ಅವನಿಗೊಂದು ಪೀಠವನ್ನು ಕೊಡಬೇಕೆಂದು ದಯೆಯಿಂದ ಸಲಹೆ ಮಾಡಿದ್ದಾನೆ. ಆರನೆಯ ಶತಮಾನದಲ್ಲಿ ಗಾಲ್ ದೇಶದ ಆರ್ಲ್ ನಗರದ ಬಿಷಪ್ಪನಾಗಿದ್ದ ಸಿಸೇರಿಯಸ್ಸನು ಇದೇ ದಯೆಯನ್ನು ಪ್ರಯೋಗಿಸಿ ಅದರ ಫಲವನ್ನು ಅನುಭವಿಸಿದನು. ಕಾಲುನೋವಿನವರು ದೀರ್ಘ ಪಠನಗಳ ಸಮಯದಲ್ಲಿ ಕುಳಿತುಕೊಳ್ಳಬಹುದೆಂದು ಅವನು ಅನುಮತಿ ಕೊಟ್ಟ ಕೆಲವೇ ದಿನಗಳಲ್ಲಿ, ಆರೋಗ್ಯವಂತರಾದ ಕೆಲವು ಹೆಂಗಸರು ಕೂಡ ಹಾಸಿಗೆಯಲ್ಲಿ ಮಲಗಿದಂತೆ ನೆಲದ ಮೇಲೆ ಒರಗಿ, ಒರಗಿದವರು ಸುಮ್ಮನಾದರೂ ಇರದೆ ಊರ ಸುದ್ದಿಯನ್ನು ಆಡಿಕೊಳ್ಳತೊಡಗಿದರೆಂದು ಅವನು ಪ್ರಸಂಗದಲ್ಲೇ ಗೋಳಿಟ್ಟಿದ್ದಾನೆ. ಸುವಾರ್ತೆಯ ಪಠನ ಮುಗಿದೊಡನೆ ಉಪದೇಶಕ್ಕೆ ಮೊದಲೇ ಜನರು ಹೊರಗೆ ಜಾರುತ್ತಿದ್ದುದರಿಂದ ಬಾಗಿಲುಗಳನ್ನು ಮುಚ್ಚಿಸಿದವನೂ ಇವನೇ. ಓಡಿಹೋಗುವ ಮಾರ್ಗ ಅಡಗಿದ ಮೇಲೆ ನಿದ್ರೆಯೊಂದೇ ಗತಿಯಾಯಿತೆಂದು ಊಹಿಸುವುದು ನ್ಯಾಯಸಮ್ಮತ.

ಮತ್ತೊಬ್ಬ ಸಿಸೇರಿಯಸ್ಸನು, ಹದಿಮೂರನೆಯ ಶತಮಾನದಲ್ಲಿ ಜರ್ಮನಿಯ ಹೈಸ್ಟರ್‌ಬಾಖ್ ಮಠದಲ್ಲಿದ್ದವನು, ತನ್ನ ಮಠಾಧಿಪತಿಯ ಒಂದು ಪ್ರಯೋಗವನ್ನು ದಾಖಲಿಸಿ ನಮ್ಮ ಶಾಸ್ತ್ರಕ್ಕೆ ಮಹೋಪಕಾರ ಮಾಡಿದ್ದಾನೆ. ಹಬ್ಬದ ದಿನ ಉಪದೇಶ ನಡೆಯುತ್ತಿದ್ದಾಗ ಹಲವರು, ಅವರಲ್ಲಿಯೂ ವಿಶೇಷವಾಗಿ ಮಠದ ಶಾರೀರಿಕ ದುಡಿಮೆಯ ಭಾರ ಹೊತ್ತಿದ್ದ ಶ್ರಮಿಕ ಸಹೋದರರು, ತೂಕಡಿಸುತ್ತಲೂ ಕೆಲವರು ಗೊರೆಯುತ್ತಲೂ ಇರಲು, ಮಠಾಧಿಪತಿಯು ಮಾತನ್ನು ತಟ್ಟನೆ ನಿಲ್ಲಿಸಿ, ಹೊಸತೂ ಅದ್ಭುತವೂ ಆದ ಒಂದು ವೃತ್ತಾಂತವನ್ನು ಹೇಳುವೆನೆಂದೂ, ಅರ್ಥರನೆಂಬ ರಾಜನೊಬ್ಬನಿದ್ದನೆಂದೂ ಆರಂಭಿಸಿದನು. ಎಲ್ಲರೂ ಕಣ್ಣು ತೆರೆದರು. ಕಥೆಯು ಮುಂದುವರಿಯಲಿಲ್ಲ, ದೇವರ ವಿಷಯದಲ್ಲಿ ನಿದ್ರಿಸಿದವರು ಹಗುರವಾದ ಕಥೆಗೆ ಕಿವಿ ನಿಮಿರಿಸಿದರೆಂಬ ಛೀಮಾರಿಯು ಮುಂದುವರಿಯಿತು. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ರಾಮನಿಗೂ ಸೀತೆಗೂ ಏನು ಸಂಬಂಧವೆಂದು ಕೇಳಿದವನನ್ನು ನಮ್ಮಲ್ಲಿ ನಗುತ್ತಾರೆ. ಅರ್ಥರನ ಹೆಸರು ಕೇಳಿ ಎಚ್ಚೆತ್ತು, ಅವನ ಕಥೆಯನ್ನೂ ಕೇಳಲಾಗದೆ, ನಿದ್ರೆಯನ್ನೂ ಕಳೆದುಕೊಂಡ ಆ ಸಹೋದರರನ್ನು ಕುರಿತು ಮರುಗಿದವರು ಒಬ್ಬರೂ ಇಲ್ಲ.

ಇನ್ನು ಅರ್ಥಶಾಸ್ತ್ರದ ಪ್ರಕರಣ. ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಕ್ಲೇವರ್ಲಿ ಗ್ರಾಮದ ದೇವಾಲಯದಲ್ಲಿ ಮಲಗಿದವರನ್ನು ಎಬ್ಬಿಸುವುದಕ್ಕೂ ನಾಯಿಗಳನ್ನು ಹೊಡೆದಟ್ಟುವುದಕ್ಕೂ ಒಬ್ಬ ಬಡವನಿಗೆ ವರ್ಷಕ್ಕೆ 8 ಷಿಲಿಂಗ್ ಸಲ್ಲುವಂತೆ 1659ರಲ್ಲಿ ಒಂದು ದತ್ತಿ ಏರ್ಪಟ್ಟಿತು. ನಾಯಿಗೆಷ್ಟು, ಮನುಷ್ಯನಿಗೆಷ್ಟು ಎಂಬುದನ್ನು ದಾತೃವು ವಿಂಗಡಿಸದಿರುವುದರಿಂದ ಸಮಭಾಗನ್ಯಾಯದಂತೆ ತಲಾ 4 ಷಿಲಿಂಗ್ ಎಂದು ನಿರ್ಣಯಿಸುವೆವು. ಸ್ಟಾಫರ್ಡ್‌ಷೈರಿನ ಟ್ರೈಸಲ್ ಗ್ರಾಮದಲ್ಲಿ ಬಹುಮಟ್ಟಿಗೆ ಇದೇ ಕೆಲಸಕ್ಕೆ 1725ರ ಒಂದು ಉಯಿಲಿನಲ್ಲಿ ವರ್ಷಕ್ಕೆ 20 ಷಿಲಿಂಗ್ ಗೊತ್ತಾಯಿತು. ಅದರಲ್ಲಿಯೂ ಎಬ್ಬಿಸುವ ಕಾರ್ಯವು ಬೇಸಗೆಗೆ ಮಾತ್ರ, ಏಕೆಂದರೆ ಚಳಿಗಾಲದಲ್ಲಿ ಆ ಕಾರ್ಯವನ್ನು ಚಳಿಯೇ ಉಚಿತವಾಗಿ ನಿರ್ವಹಿಸುತ್ತಿತ್ತೆಂದು ತರ್ಕಿಸಬಹುದು. ಈ ಎರಡು ಅಂಕಿಗಳಿಂದ, 66 ವರ್ಷಗಳಲ್ಲಿ ಇಂಗ್ಲೆಂಡಿನ ನಿದ್ರೆಯು ಎರಡೂವರೆಪಟ್ಟು ಗಾಢವಾಯಿತೆಂಬುದು ಗಣಿತದಿಂದ ಸಿದ್ಧವಾಗುತ್ತದೆ. ಎರಡೇ ಗ್ರಾಮಗಳಿಂದ ಒಂದು ರಾಷ್ಟ್ರದ ಚರಿತ್ರೆಯನ್ನು ತೆಗೆಯುವುದು ಸಲ್ಲದೆನ್ನುವವರು ಇತರ ಚರಿತ್ರಗ್ರಂಥಗಳನ್ನು ಓದಿಲ್ಲವೆಂದು ತಿಳಿಯತಕ್ಕದ್ದು.

ಶ್ರೋತೃವರ್ಗದವನೇ ಬರೆದ ಸಾಕ್ಷ್ಯವು ವಿರಳ, ದೊರೆತದ್ದು ನಿರಾಶೆಗೊಳಿಸುವುದಿಲ್ಲ. ಲಂಡನ್ನಿನ ನೌಕಾದಳದ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸನು 1667ರ ಮೇ 26ರಂದು ವೆಸ್ಟ್‌ಮಿನ್‌ಸ್ಟರಿನ ಸಂತ ಮಾರ್ಗರೆಟ್ ದೇವಾಲಯದಲ್ಲಿ ದುರ್ಬೀನಿನಿಂದ ಸುಂದರಿಯರನ್ನು ನೋಡುತ್ತಲೂ ನಡುನಡುವೆ ನಿದ್ರಿಸುತ್ತಲೂ ಪ್ರಸಂಗದ ವೇಳೆಯನ್ನು ಕಳೆದುದನ್ನು ತನ್ನ ದಿನಚರಿಯಲ್ಲಿ, ಶೀಘ್ರಲಿಪಿಯ ಮರೆಯಲ್ಲಿ, ಬರೆದಿಟ್ಟನು. ಆಂಗ್ಲ ಚಿತ್ರಕಾರ ಹೋಗಾರ್ತನ 1736ರ ಚಿತ್ರದಲ್ಲಿ ಪಾದ್ರಿಯು ಭೂತಗನ್ನಡಿ ಹಿಡಿದು ಓದುತ್ತಿದ್ದಾನೆ, ಪಕ್ಕದಲ್ಲಿ ಮರಳುಗಡಿಯಾರವಿದೆ, ಸಭೆ ಮಲಗಿದೆ. ಎಚ್ಚರವಾಗಿರುವ ಗುಮಾಸ್ತನು ಮಲಗಿದ ತರುಣಿಯೊಬ್ಬಳನ್ನು ಓರೆಗಣ್ಣಿನಿಂದ ನೋಡುತ್ತಿದ್ದಾನೆ. ಪೀಪ್ಸನ ದಿನಚರಿಯಂತೆ ಆ ಹೊತ್ತಿನ ಅವನ ನಿರ್ದೋಷವಾದ ಭಾಗ ಯಾವುದೆಂದು ಪರೀಕ್ಷಿಸಿದರೆ, ಅದು ನಿದ್ರೆಯ ಭಾಗವೆಂಬುದು ಶಿಶುವಿಗೂ ತೋರುವುದು.

ಆದುದರಿಂದ ಸಿದ್ಧಾಂತವು ಹೀಗೆ. ಎಚ್ಚರವು ಶ್ರವಣವಲ್ಲ, ಎಚ್ಚರವಿದ್ದವರಲ್ಲಿ ಕಳ್ಳನಿದ್ದನು, ದುರ್ಬೀನಿನವನಿದ್ದನು, ಸುದ್ದಿಗಾರ್ತಿಯಿದ್ದಳು, ಎಚ್ಚರಕ್ಕಾಗಿಯೇ ಸಂಬಳ ಪಡೆದ ಕ್ಲೇವರ್ಲಿಯ ಬಡವನಿಗಂತೂ ನಾಯಿಗಳ ಮೇಲೂ ನೆರೆಯವರ ಮೇಲೂ ಕಣ್ಣಿಟ್ಟಿರಬೇಕಾಗಿದ್ದುದರಿಂದ ಉಪದೇಶ ಕೇಳಲು ಪುರಸತ್ತೇ ಇರಲಿಲ್ಲ. ಆರು ದಿನ ನೇಗಿಲನ್ನೋ ಮಗ್ಗವನ್ನೋ ನಂಬಿ ದುಡಿದು, ಏಳನೆಯ ದಿನ ಮಾತ್ರ ಬೆನ್ನನ್ನು ಆನಿಸಿದವನಿಗೆ ನಿದ್ರೆ ಬಂದರೆ ಅದು ದೇಹಧರ್ಮ. ಪ್ರಬಂಧಕಾರನು ಇಲ್ಲಿ ಗಾಂಭೀರ್ಯದಿಂದಲೇ ಒಂದು ಮಾತನ್ನು ಸೇರಿಸಬೇಕಾಗಿದೆ: ಈ ಅನಾಮಧೇಯ ಜನರು ಹೇಗೆ ನಿಂತರು, ಎಲ್ಲಿ ಒರಗಿದರು, ಯಾವಾಗ ಹೊರಗೆ ಜಾರಿದರು ಎಂಬುದೆಲ್ಲ ನಮಗೆ ತಿಳಿದುಬಂದಿರುವುದು ಬಹುಮಟ್ಟಿಗೆ ಅವರ ಮೇಲೆ ಕೋಪಿಸಿಕೊಂಡವರ ಲೇಖನಿಯಿಂದ. ಬೈಗುಳವೇ ಅವರ ಶಾಸನ. ಬೈಸಿಕೊಂಡರೂ ಅವರು ಮುಂದಿನ ಭಾನುವಾರ ಮತ್ತೆ ಬಂದರು. ಏಕೆಂದರೆ ಮಗುವಿಗೆ ಜ್ಞಾನಸ್ನಾನವಾದದ್ದು ಅಲ್ಲಿ, ತಂದೆತಾಯಿಗಳನ್ನು ಮಣ್ಣು ಮಾಡಿದ್ದು ಅದರ ಅಂಗಳದಲ್ಲಿ, ವಾರದ ಕಷ್ಟಸುಖಗಳನ್ನು ವಿನಿಮಯ ಮಾಡಿಕೊಂಡದ್ದು ಅದರ ಬಾಗಿಲ ಬಳಿಯಲ್ಲಿ. ಅವರ ಭಕ್ತಿಯಲ್ಲಿ ಪ್ರಸಂಗವೂ ಒಂದು ಅಂಗವಾಗಿದ್ದಿತು, ಆದರೆ ಅದೇ ಪ್ರಧಾನಾಂಗವಾಗಿರಲಿಲ್ಲವೆಂಬ ಸಂಶಯವು ಪ್ರಸಂಗಿಗಳಿಗೆ ಬಂದಂತೆ ಕಾಣುವುದಿಲ್ಲ.

ಸಿದ್ಧಾಂತವು ಸ್ಥಾಪಿತವಾದ ಮೇಲೆ ವಿಧಿಯೊಂದು ಶೇಷವಾಗುತ್ತದೆ. ಕ್ಲೇವರ್ಲಿಯ ದತ್ತಿಯನ್ನು ತಕ್ಕಮಟ್ಟಿಗೆ ತಿದ್ದಿ, ಮರಳುಗಡಿಯಾರವು ಒಮ್ಮೆ ಬರಿದಾದ ಮೇಲೂ ವೇದಿಕೆಯ ಮೇಲಿರುವವನು ಅದನ್ನು ತಿರುವಿಡಲು ಕೈಚಾಚಿದರೆ, ಅವನ ಭುಜವನ್ನು ಮೆಲ್ಲನೆ ತಟ್ಟುವ ಬಡವನೊಬ್ಬನಿಗೆ ಆ 8 ಷಿಲಿಂಗನ್ನು ಸಲ್ಲಿಸತಕ್ಕದ್ದು. ನಾಯಿಗಳ ವಿಷಯದಲ್ಲಿ ಹಳೆಯ ಕಟ್ಟಳೆಯೇ ನಡೆಯಲಿ.